ಡ್ರೋನ್ ಕ್ಷೇತ್ರದಲ್ಲಿ ಸಂಶೋಧನೆಗೆ ಇನ್ನೇನು ಉಳಿದಿದೆ? ಹಾಸನದಲ್ಲಿದ್ದುಕೊಂಡು ಅದನ್ನು ಮಾಡಬಹುದೇ?

ಅಂಗಡಿಯಲ್ಲಿ ಕೊಂಡ ಡ್ರೋನ್ ತಾನೇ ಏರಿ, ತಾನೇ ನಿಂತು, ತಾನೇ ಮರಳಿ ಬರುವಾಗ ಪ್ರಾಧ್ಯಾಪಕರು ಅದರ ಮೇಲೆ ವರ್ಷಗಟ್ಟಲೆ ಮಾಡುವುದಾದರೂ ಏನು, ಐಐಟಿ ಸೇರದವರು ಈ ದಾರಿಯಲ್ಲಿ ಹೋಗಬಹುದೇ ಎಂದು ಅಂತಿಮ ವರ್ಷದ ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿಯಾದ ನೀವು ಕೇಳಿದ್ದೀರಿ. ಹಾಸನದ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಪಾಠ ಮಾಡುತ್ತಾ ಇದೇ ವಿಷಯದಲ್ಲಿ ಕೆಲಸ ಮಾಡುತ್ತಿರುವವನಾಗಿ ಉತ್ತರಿಸುತ್ತಿದ್ದೇನೆ.

ಆ ಡ್ರೋನ್ ಅಷ್ಟು ವಿಧೇಯವಾಗಿರುವುದು ಜಿಪಿಎಸ್ ಚೆನ್ನಾಗಿ ಸಿಗುವ ಬಯಲಿನಲ್ಲಿ. ಅದನ್ನೇ ಸಕಲೇಶಪುರ ಅಥವಾ ಮೂಡಿಗೆರೆ ಕಡೆಯ ಕಾಫಿ ತೋಟದೊಳಗೆ, ಸಿಲ್ವರ್ ಓಕ್ ಮರಗಳ ನೆರಳಿನಡಿ, ಗಿಡಗಳ ನೆತ್ತಿಗಿಂತ ಸ್ವಲ್ಪ ಮೇಲೆ ಹಾರಿಸಿ ನೋಡಿ. ಉಪಗ್ರಹದ ಸಂಕೇತ ಎಲೆಗಳ ನಡುವೆ ಕ್ಷೀಣಿಸಿ, ಕಾಂಡಗಳಿಗೆ ಬಡಿದು ಸುತ್ತುದಾರಿಯಲ್ಲಿ ತಲುಪುವುದರಿಂದ ಸ್ಥಾನದ ಲೆಕ್ಕ ಹಲವು ಮೀಟರ್ ತಪ್ಪುತ್ತದೆ. ಮರದಿಂದ ಮರಕ್ಕಿರುವ ಅಂತರವೂ ಹೆಚ್ಚುಕಡಿಮೆ ಅಷ್ಟೇ. ಜಿಪಿಎಸ್ ಬಿಟ್ಟು ಒಳಗಿರುವ, ವೇಗದ ಬದಲಾವಣೆಯನ್ನು ಅಳೆಯುವ ಆಕ್ಸಿಲರೋಮೀಟರನ್ನಷ್ಟೇ ನಂಬೋಣವೆಂದರೆ, ಅದರ ಅಳತೆಯಲ್ಲಿ ಸೆಕೆಂಡಿನ ವರ್ಗಕ್ಕೆ 0.05 ಮೀಟರಿನಷ್ಟು ಸ್ಥಿರ ದೋಷವಿದ್ದರೂ ಸ್ಥಾನ ತಿಳಿಯಲು ಎರಡು ಸಲ ಅನುಕಲನ (ಇಂಟಿಗ್ರೇಷನ್) ಮಾಡುವಷ್ಟರಲ್ಲಿ 10 ಸೆಕೆಂಡಿಗೆ 2.5 ಮೀಟರ್, ಒಂದು ನಿಮಿಷಕ್ಕೆ 90 ಮೀಟರ್ ತಪ್ಪು ಬೆಳೆದಿರುತ್ತದೆ.

ಹಾಗಾಗಿ ಕ್ಯಾಮೆರಾವನ್ನು ಜೊತೆಗೂಡಿಸಿ, ಒಂದು ಚಿತ್ರದಲ್ಲಿ ಕಂಡ ಗುರುತುಗಳು ಮುಂದಿನ ಚಿತ್ರದಲ್ಲಿ ಎಷ್ಟು ಸರಿದಿವೆ ಎಂದು ಲೆಕ್ಕಹಾಕಿ, ಎರಡೂ ಮಾಹಿತಿಯನ್ನು 1960ರಲ್ಲಿ ಕಾಲ್ಮನ್ ಕೊಟ್ಟ ಫಿಲ್ಟರ್‌ನಿಂದ (ದೋಷವಿರುವ ಅಳತೆಗಳಿಂದ ಸರಿಯಾದ ಅಂದಾಜು ಪಡೆಯುವ ಗಣಿತ ವಿಧಾನ) ಬೆಳೆದುಬಂದ ವಿಧಾನಗಳಿಂದ ಬೆಸೆಯುತ್ತೇವೆ. ಇಲ್ಲಿಯೇ ತೋಟ ಇನ್ನೊಂದು ತೊಡಕು ಒಡ್ಡುತ್ತದೆ. ಪ್ರೊಪೆಲ್ಲರ್ ಕೆಳಕ್ಕೆ ತಳ್ಳುವ ಗಾಳಿಗೆ ಕಾಫಿ ಎಲೆ, ಮೆಣಸಿನ ಬಳ್ಳಿ, ನೆಲದ ಮೇಲಿನ ಬಿಸಿಲ ಚುಕ್ಕೆ ಎಲ್ಲವೂ ಅಲುಗಾಡುತ್ತವೆ. ಪ್ರೋಗ್ರಾಂ ಮಾತ್ರ ಜಗತ್ತು ನಿಂತಿದೆ, ಚಲಿಸುತ್ತಿರುವುದು ತಾನೇ ಎಂದು ಭಾವಿಸಿ, ಇಲ್ಲದ ಚಲನೆಯನ್ನು ಸರಿಪಡಿಸಲು ಹೊರಟು ಪಕ್ಕದ ಮರದತ್ತ ವಾಲುತ್ತದೆ. ಮರದ ಕಾಂಡವನ್ನು ನಂಬಬಹುದು, ಎಲೆಯನ್ನು ನಂಬುವಂತಿಲ್ಲ; ಆದರೆ ಯಾವುದು ಕಾಂಡ ಎಂಬುದನ್ನು ಕೈಗೆ ಸಿಗುವ ಸಣ್ಣ ಕಂಪ್ಯೂಟರ್ ಹಾರುತ್ತಿರುವಾಗಲೇ ನಿರ್ಧರಿಸಬೇಕು. ನಿಯಂತ್ರಣ ಸಿದ್ಧಾಂತದಿಂದ ಆರಂಭಿಸಿದ ನನ್ನ ಸಂಶೋಧನೆಯ ಬಹುಪಾಲು ಈಗ ಈ ಒಂದು ನಿರ್ಧಾರದ ಸುತ್ತಲೇ ಇದೆ.

ಇದಕ್ಕೆ ಪೂರ್ತಿ ತದ್ವಿರುದ್ಧವಾದ ತೊಂದರೆ ಮಂಗಳ ಗ್ರಹದಲ್ಲಿ ಎದುರಾಯಿತು. 2021ರ ಏಪ್ರಿಲ್ 19ರಂದು ಮೊದಲು ಹಾರಿದ ನಾಸಾದ ಪುಟ್ಟ ಹೆಲಿಕಾಪ್ಟರ್ ಇಂಜೆನ್ಯುಯಿಟಿ, ಐದು ಹಾರಾಟಗಳಿಗೆಂದು ತಯಾರಾಗಿ 72 ಬಾರಿ ಹಾರಿತು. 2024ರ ಜನವರಿಯ ಕೊನೆಯ ಹಾರಾಟದಲ್ಲಿ ಕೆಳಗೆ ಬರೀ ಮರಳಿನ ಅಲೆಗಳಿದ್ದು, ಕ್ಯಾಮೆರಾಗೆ ಹಿಡಿದುಕೊಳ್ಳಲು ಸಾಕಷ್ಟು ಗುರುತುಗಳು ಸಿಗದೆ ಇಳಿಯುವಾಗ ಅದರ ರೆಕ್ಕೆಗಳು ಹಾಳಾದವು. ಅಲ್ಲಿ ಗುರುತುಗಳಿರಲಿಲ್ಲ, ನಮ್ಮಲ್ಲಿ ಇರುವ ಗುರುತುಗಳು ಸುಳ್ಳು ಹೇಳುತ್ತವೆ.

ಬ್ಯಾಟರಿ ದೊಡ್ಡದು ಮಾಡಿದರೆ ಹೆಚ್ಚು ಹೊತ್ತು ಹಾರುವುದಿಲ್ಲವೇ ಎಂದು ವಿದ್ಯಾರ್ಥಿಗಳು ಪ್ರತಿ ವರ್ಷವೂ ಕೇಳುತ್ತಾರೆ. ಅದೇ ಪ್ರೊಪೆಲ್ಲರ್ ಇಟ್ಟುಕೊಂಡು ಒಟ್ಟು ತೂಕ ಎರಡು ಪಟ್ಟಾದರೆ ನಿಂತಲ್ಲೇ ಹಾರಲು ಬೇಕಾದ ಶಕ್ತಿ ಸುಮಾರು 2.8 ಪಟ್ಟಾಗುತ್ತದೆ, ಆದ್ದರಿಂದ ಆ ದಾರಿ ಬೇಗ ಮುಗಿಯುತ್ತದೆ. ಆಲೂರು, ಬೇಲೂರು ಕಡೆಯ ಬೆಳೆಗಾರರ ಪ್ರಶ್ನೆಯೇ ಬೇರೆ, ಅವರಿಗೆ ಆನೆ ಎಲ್ಲಿದೆ ಎಂದು ಹೇಳುವ ಡ್ರೋನ್ ಬೇಕು. ಅದು ನ್ಯಾಯವಾದ ಬೇಡಿಕೆ. ಆದರೆ ದಟ್ಟ ಎಲೆಗಳು, ಬಿಸಿಯನ್ನು ಗ್ರಹಿಸಿ ಚಿತ್ರ ತೋರಿಸುವ ಉಷ್ಣ ಕ್ಯಾಮೆರಾದ ನೋಟವನ್ನೂ ತಡೆಯುತ್ತವೆ, ಬಿಸಿಲೇರಿದ ಮೇಲೆ ಬಂಡೆಗೂ ಆನೆಗೂ ವ್ಯತ್ಯಾಸ ಕಾಣುವುದು ಕಷ್ಟ. ಇದನ್ನು ಜಾಹೀರಾತುಗಳು ಹೇಳುವುದಿಲ್ಲ.

ಇನ್ನು ಊರಿನ ಮಾತು. 2021ರ ಡ್ರೋನ್ ನಿಯಮಗಳ ಪ್ರಕಾರ, ಸರ್ಕಾರದ ಮಾನ್ಯತೆ ಪಡೆದ ಶಿಕ್ಷಣ ಸಂಸ್ಥೆಗಳು ಹಸಿರು ವಲಯದಲ್ಲಿ (ಡ್ರೋನ್ ಹಾರಾಟಕ್ಕೆ ವಿಶೇಷ ನಿರ್ಬಂಧವಿಲ್ಲದ ವಾಯುಪ್ರದೇಶ), ತಮ್ಮ ಆವರಣದಲ್ಲಿ ಅಥವಾ ತಮ್ಮ ಹಿಡಿತದಲ್ಲಿರುವ ಬಯಲಿನಲ್ಲಿ ಸಂಶೋಧನೆಗಾಗಿ ಹಾರಿಸಲು ಪೈಲಟ್ ಪರವಾನಗಿಯಾಗಲಿ ಪೂರ್ವಾನುಮತಿಯಾಗಲಿ ಬೇಕಿಲ್ಲ. ಡ್ರೋನ್ ಹಾರಿಸುವ ಸಾಫ್ಟ್‌ವೇರ್‌ಗಳಾದ ಪಿಎಕ್ಸ್4, ಆರ್ಡುಪೈಲಟ್, ಕಂಪ್ಯೂಟರಿನಲ್ಲೇ ಹಾರಾಟವನ್ನು ಅನುಕರಿಸುವ ಗೆಜೆಬೊ ಎಲ್ಲವೂ ಉಚಿತವಾಗಿ ಸಿಗುತ್ತವೆ. ಕೊರತೆ ಇರುವುದು ಸಮಯದ್ದು: ಇಂಟರ್ನಲ್ಸ್, ಮೌಲ್ಯಮಾಪನ, ಮಾನ್ಯತಾ ಸಮಿತಿಯ ಕಡತಗಳು ಮುಗಿದ ಮೇಲೆ ಉಳಿದ ಹೊತ್ತಿನಲ್ಲಿ ಸಂಶೋಧನೆ ನಡೆಯಬೇಕು, ಮಳೆಗಾಲದಲ್ಲಿ ಅದೂ ಸಿಮ್ಯುಲೇಷನ್‌ಗೆ ಇಳಿಯುತ್ತದೆ. ದೊಡ್ಡ ಸಂಸ್ಥೆಗಳಲ್ಲಿ ಉಪಕರಣಕ್ಕಿಂತ ಹೆಚ್ಚಾಗಿ ಸಿಗುವುದು ತಪ್ಪನ್ನು ತಕ್ಷಣ ಎತ್ತಿ ತೋರಿಸುವ ಸಹೋದ್ಯೋಗಿಗಳು, ಆದ್ದರಿಂದ ಪಿಎಚ್‌.ಡಿ.ಗೆ ಸಾಧ್ಯವಾದರೆ ಹೊರಗೆ ಹೋಗಿ ಎಂದೇ ನನ್ನ ಸಲಹೆ.

ಈ ವರ್ಷ ಲೀನಿಯರ್ ಆಲ್ಜೀಬ್ರಾ ಮತ್ತು ಸಂಭವನೀಯತೆಯನ್ನು ಪರೀಕ್ಷೆಗೆಂದಲ್ಲದೆ ಮತ್ತೊಮ್ಮೆ ಓದಿ. ಮಾರ್ಗದರ್ಶಕರಿಗೆ ಬರೆಯುವಾಗ ಬಯೋಡೇಟಾದ ಜೊತೆಗೆ ನೀವೇ ಹಾರಿಸಿದ ಒಂದು ಹಾರಾಟದ ಲಾಗ್ (ಡ್ರೋನ್ ದಾಖಲಿಸಿದ ಮಾಹಿತಿ) ಮತ್ತು ಅದರ ಬಗ್ಗೆ ಎರಡು ಪುಟದ ವಿಶ್ಲೇಷಣೆ ಕಳುಹಿಸಿ. ನನಗಂತೂ ಅಂತಹ ಪತ್ರ ಬಂದರೆ ಅಂಕಪಟ್ಟಿಗಿಂತ ಮೊದಲು ಲಾಗ್ ತೆರೆಯುತ್ತೇನೆ.