ಮಗನ ಫ್ಲಾಟ್‌ನಲ್ಲಿ ದೇವರ ಕೋಣೆ

ಮಾನ್ಯರೇ,

ಡೊಂಬಿವಲಿಯಿಂದ ನೀವು ಬರೆದ ಪತ್ರವನ್ನು ಎರಡು ಸಲ ಓದಿದೆ. ಪುಣೆಯಲ್ಲಿ ಕೆಲಸದಲ್ಲಿರುವ ಮಗ ಹೊಸ ಫ್ಲಾಟ್ ಕೊಂಡಿದ್ದಾನೆ. ‘ದೇವರ ಕೋಣೆ ಬೇಡ, ನಾನು ಪೂಜೆ ಮಾಡುವವನಲ್ಲ’ ಎಂದಿದ್ದಾನೆ. ಧರ್ಮದ ಕಾಲ ಮುಗಿಯಿತೇ ಎಂದು ಕೇಳಿದ್ದೀರಿ. ಜಾತ್ಯತೀತ ಅನ್ನೋ ಮಾತೇ ಮಕ್ಕಳನ್ನು ಕೆಡಿಸಿತು ಎಂದೂ ಬರೆದಿದ್ದೀರಿ.

ಆ ಪದ ಸಂವಿಧಾನದ ಪೀಠಿಕೆಗೆ ಸೇರಿದ್ದು 1976ರಲ್ಲಿ. 25ನೇ ವಿಧಿ ಮೊದಲಿನಿಂದಲೂ ಇದೆ. ನಿಮ್ಮ ಪೂಜೆಗೆ ಕಾವಲಿರುವುದು ಅದೇ ವಿಧಿ. ಮನಸ್ಸಾಕ್ಷಿಯ ಸ್ವಾತಂತ್ರ್ಯವೂ ಅದರಲ್ಲೇ ಬರುತ್ತದೆ, ಹಾಗಾಗಿ ನಿಮ್ಮ ಮಗನಿಗೂ ಅದೇ ಕಾವಲು. ಇದರಲ್ಲಿ ಕೆಡುವಂಥದ್ದು ನನಗೇನೂ ಕಾಣುವುದಿಲ್ಲ.

ಇನ್ನು ಕಾಲ ಮುಗಿಯಿತೇ ಎಂಬ ಮಾತು. ಬುಧವಾರ ಮುಂಬೈಯ ಮಾಹಿಮ್ ಚರ್ಚಿನ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ಮೇಣದ ಬತ್ತಿ ಹಿಡಿದ ಸಾಲಿನಲ್ಲಿ ಕುಂಕುಮ ಇಟ್ಟವರೂ ಇರುತ್ತಾರೆ. ದಸರೆಯ ಹೊತ್ತಿಗೆ ನಿಮ್ಮ ಲೋಕಲ್ ರೈಲಿನ ಡಬ್ಬಿಗೇ ಚೆಂಡುಹೂವಿನ ಮಾಲೆ ಬೀಳುತ್ತದೆ, ಅಲ್ವಾ?

ನನ್ನ ಮನಸ್ಸಿನಲ್ಲಿ ಉಳಿದಿರುವುದು ಬೇರೆಯೇ ಒಂದು ದಿನ. ನಮ್ಮಪ್ಪ ತೀರಿಕೊಂಡಾಗ ನಾವು ಚಾಳಿನ ಒಂದೇ ಕೋಣೆಯಲ್ಲಿದ್ದೆವು. ನೆಂಟರೆಲ್ಲ ಊರಲ್ಲಿ. ಶನಿವಾರದ ಭಜನೆಯವರು ಅರ್ಧ ಗಂಟೆಯಲ್ಲಿ ಬಂದರು. ಒಬ್ಬರು ಸ್ಮಶಾನದ ಕಾಗದಪತ್ರ ನೋಡಿಕೊಂಡರು. ಇನ್ನೊಬ್ಬರು ಅಮ್ಮನ ಪಕ್ಕ ಸುಮ್ನೆ ಕೂತರು. ಅವರ ಜೊತೆ ಪಕ್ಕದ ಕೋಣೆಯ ಮಾಸ್ತರರೂ ಇದ್ದರು. ದೇವರನ್ನು ನಂಬದ ಮನುಷ್ಯ, ಭಜನೆಯಲ್ಲಿ ಒಂದು ದಿನವೂ ತಾಳ ಮುಟ್ಟಿದವರಲ್ಲ. ಅಪ್ಪನಿಗೆ ಹೆಗಲು ಕೊಟ್ಟ ನಾಲ್ವರಲ್ಲಿ ಅವರೂ ಒಬ್ಬರು. ಬಲಗೈಯಲ್ಲಿ ಬಿದಿರು, ಎಡಗೈಯಲ್ಲಿ ನನ್ನ ಕೈ. ನನಗಾಗ ಹನ್ನೊಂದು ವರ್ಷ.

ಧರ್ಮದ ಜಾಗ ಎಲ್ಲಿ ಎಂದು ಯಾರು ಕೇಳಿದರೂ ನನಗೆ ಆ ಕೋಣೆಯೇ ಕಣ್ಣಿಗೆ ಬರುತ್ತದೆ. ಅಲ್ಲಿ ಭಜನೆಯವರಿಗೂ ಜಾಗವಿತ್ತು, ಮಾಸ್ತರರಿಗೂ ಇತ್ತು.

ಹೆದರಿಸಿ ದುಡ್ಡು ಕೀಳುವ ಧರ್ಮ ಹೋಗುವುದಾದರೆ ಹೋಗಲಿ. ನಿಮ್ಮ ಮಗ ಇರುವ ಪುಣೆಯಲ್ಲೇ 2013ರ ಆಗಸ್ಟ್ 20ರ ಬೆಳಿಗ್ಗೆ, ಮೂಢನಂಬಿಕೆಯ ವಿರುದ್ಧ ಹೋರಾಡುತ್ತಿದ್ದ ನರೇಂದ್ರ ದಾಭೋಲ್ಕರ್ ಅವರನ್ನು ಗುಂಡಿಟ್ಟು ಕೊಂದರು. ಅವರ ಜಗಳ ಭಕ್ತರ ಮೇಲಲ್ಲ, ದೇವರ ಹೆಸರಲ್ಲಿ ಮೋಸ ಮಾಡುವವರ ಮೇಲೆ. ಮಾಟಮಂತ್ರದ ವಿರುದ್ಧ ಅವರು ವರ್ಷಗಟ್ಟಲೆ ಕೇಳಿದ್ದ ಕಾಯಿದೆ ಅದೇ ವರ್ಷ ಬಂತು, ಅವರು ಹೋದ ಮೇಲೆ. ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ದೇವರ ಕೋಣೆಗಾಗಿ ಹಟ ಹಿಡಿಯಬೇಡಿ. ಊರಿಂದ ತಂದ ಮೂರ್ತಿಗಳು ಸದ್ಯಕ್ಕೆ ನಿಮ್ಮ ಹತ್ತಿರವೇ ಇರಲಿ. ನಿಮ್ಮ ಕಟ್ಟಡದಲ್ಲಿ ತಿಂಗಳಿಗೊಮ್ಮೆ ಭಜನೆ ಇದೆ ಎಂದು ಬರೆದಿದ್ದೀರಿ. ಮುಂದಿನ ಸಲ ಮಗನನ್ನು ಕರೆಯಿರಿ. ಹಾಡೋಕಲ್ಲ, ಬಂದವರಿಗೆ ಚಹಾ ಕೊಡೋಕೆ. ಅಷ್ಟಕ್ಕೆ ಅವನು ಇಲ್ಲ ಅನ್ನಲಾರ.

– ಸಂಪಾದಕ