ಪಾದೆ ಹತ್ತಿದರೆ ರೇಂಜ್: ಗಡಿನಾಡಿನಿಂದ ಒಂದು ಉತ್ತರ

ನೀವು ಮೊನ್ನೆ ಕೇಳಿದಿರಿ. "ನಿಮ್ಮ ಹಳ್ಳಿಯ ಇಂಟರ್ನೆಟ್‌ಗೆ ಯೂಟ್ಯೂಬ್, ನೆಟ್‌ಫ್ಲಿಕ್ಸ್‌ನವರು ಯಾಕೆ ದುಡ್ಡು ಕೊಡಬೇಕು? ಅದೂ ಅಲ್ಲದೆ ಕೇರಳದಲ್ಲಿ ಮನೆಮನೆಗೂ ನೆಟ್ ಇದೆಯಂತಲ್ಲ?" ಬೆಂಗಳೂರಲ್ಲಿ ಕೂತವರಿಗೆ ಹಾಗೆ ಅನ್ನಿಸುವುದು ಸಹಜ. ನಮ್ಮ ಅಂಗಳದಿಂದ ಅದು ಹೇಗೆ ಕಾಣುತ್ತದೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದವಾದೀತು.

ವಿಟ್ಲದಿಂದ ಬರುವಾಗ ಅಡ್ಯನಡ್ಕ ದಾಟಿದ ಮೇಲೆ ಸಾರಡ್ಕ ಚೆಕ್‌ಪೋಸ್ಟ್ ಸಿಗುತ್ತದೆ. ಅಲ್ಲಿಂದ ಈಚೆ ಕಾಸರಗೋಡು ಜಿಲ್ಲೆ. 1956ರ ನವೆಂಬರ್ 1ರಿಂದ ನಾವು ಕೇರಳದವರು. ಮನೆಯಲ್ಲಿ ಕನ್ನಡ, ಗುಡ್ಡೆ ಕೆಲಸಕ್ಕೆ ತುಳು, ಕಚೇರಿಗೆ ಹೋದರೆ ಮಲಯಾಳ. ದೊಡ್ಡ ಕಾಯಿಲೆ ಬಂದರೆ ಮಂಗಳೂರು. ನಾವು ಸಿಗ್ನಲ್ ಅನ್ನುವುದಿಲ್ಲ, "ರೇಂಜ್" ಅನ್ನುತ್ತೇವೆ. ಇಲ್ಲಿ ಯಾರದೇ ಫೋನ್ ಸಂಭಾಷಣೆ ಶುರುವಾಗುವುದು "ಈಗ ಕೇಳ್ತದಾ?" ಅಂತ.

ಫೋನ್‌ನವರ ಲೆಕ್ಕದಲ್ಲಿ ಕೇರಳ ಒಂದು ಸರ್ಕಲ್, ಕರ್ನಾಟಕ ಇನ್ನೊಂದು. ಗಡಿಯ ಗುಡ್ಡೆಯಲ್ಲಿ ನಿಂತರೆ ಫೋನಿಗೆ ತಲೆ ಕೆಡುತ್ತದೆ. ಒಂದು ಮೆಸೇಜ್ ಕೇರಳಕ್ಕೆ ಸ್ವಾಗತ ಅನ್ನುತ್ತದೆ, ಹತ್ತು ಹೆಜ್ಜೆ ನಡೆದರೆ ಕರ್ನಾಟಕಕ್ಕೆ ಸ್ವಾಗತ. ರೋಮಿಂಗ್‌ಗೆ ದುಡ್ಡು ಇದ್ದ ಕಾಲದಲ್ಲಿ ನಮ್ಮ ತೋಟದ ಮೇಲಿನ ಬದಿಗೆ ಹೋಗಿ ಮಾತಾಡಿದರೆ ಬ್ಯಾಲೆನ್ಸ್ ಕರಗುತ್ತಿತ್ತು. ಈಗ ಆ ಕಾಟ ಇಲ್ಲ.

ರೇಂಜ್ ಯಾಕಿಲ್ಲ ಅಂದರೆ ನಾವು ನೀರಿನ ಹಿಂದೆ ಹೋದವರು. ಅಡಿಕೆ ತೋಟ ಇರುವುದು ಎರಡು ಗುಡ್ಡೆಗಳ ನಡುವಿನ ತಗ್ಗಿನಲ್ಲಿ. ಗುಡ್ಡೆಯ ಬದಿಗೆ ಸುರಂಗ ಕೊರೆದು ನೀರು ತೆಗೆದು, ಅದರ ಬುಡದಲ್ಲೇ ಹಿರಿಯರು ಮನೆ ಕಟ್ಟಿದರು. ನೀರು ಇಲ್ಲದ ಜಾಗ ಅಂದರೆ ಮೇಲಿನ ಪಾದೆ, ಮುರಕಲ್ಲಿನ ಬಯಲು. ರೇಂಜ್ ಸಿಗುವುದು ಅಲ್ಲಿ ಮಾತ್ರ. ಅಜ್ಜ ಮನೆ ಕಟ್ಟುವಾಗ ಟವರ್ ನೋಡಿ ಕಟ್ಟಲಿಲ್ಲ, ಅಲ್ವಾ?

ಮನೆಯಿಂದ ಪಾದೆಗೆ ಹತ್ತು ನಿಮಿಷದ ಏರು. ಒಟಿಪಿಗೆ ಅಷ್ಟು ಆಯುಷ್ಯ ಇರುವುದಿಲ್ಲ. ಅಮ್ಮನ ಒಂದು ಅರ್ಜಿ ತುಂಬಿಸಲು ಹೋದ ವರ್ಷ ನಾನು ಮೂರು ಸಲ ಹತ್ತಿಳಿದೆ. ಕೊನೆಗೆ ಲ್ಯಾಪ್‌ಟಾಪ್, ಆಧಾರ್ ಕಾರ್ಡ್, ಕೊಡೆ, ಒಂದು ಬಾಟ್ಲಿ ನೀರು ಮತ್ತು ಅಮ್ಮನನ್ನೂ ಕರಕೊಂಡು ಮೇಲೆ ಹೋಗಿ ಕಲ್ಲಿನ ಮೇಲೆ ಕೂತು ಮುಗಿಸಿದೆವು. ಬಿಸಿಲಿಗೆ ಸ್ಕ್ರೀನ್ ಕಾಣದೆ ಅಮ್ಮ ತನ್ನ ಸೆರಗು ಹಿಡಿದಳು. ಅರ್ಜಿ ಹೋದ ಮೇಲೆ ಅವಳು ಹೇಳಿದ್ದು, "ಇದಕ್ಕಿಂತ ಬಸ್ಸಲ್ಲಿ ಕಾಸರಗೋಡಿಗೆ ಹೋಗುವುದೇ ಸಸಾರ ಇತ್ತು ಮಾರಾಯ."

ಸಂಜೆ ಹೊತ್ತು ಪಾದೆಗೆ ಬಂದರೆ ನೀವು ನೋಡಬೇಕು. ಅಲ್ಲೊಬ್ಬ, ಇಲ್ಲೊಬ್ಬ, ಎಲ್ಲರ ಮುಖಕ್ಕೂ ನೀಲಿ ಬೆಳಕು. ಗಲ್ಫ್‌ಗೆ ವಿಡಿಯೋ ಕಾಲ್, ಅಡಿಕೆ ರೇಟ್, ಹುಡುಗಿಯ ಫೋಟೊ, ಎಲ್ಲ ಅಲ್ಲೇ. ಸುಮ್ನೆ ತಮಾಷೆಗೆ ನಾವು ಅದನ್ನು ಟೌನ್‌ಹಾಲ್ ಅನ್ನುತ್ತೇವೆ.

ತಮಾಷೆ ಇಲ್ಲದ ಕಾಲವೂ ಒಂದು ಬಂತು. 2020ರ ಜೂನ್ 1ರಿಂದ ಕೇರಳದಲ್ಲಿ ಶಾಲೆಯ ಪಾಠ ಸರ್ಕಾರದ ಶಿಕ್ಷಣ ಟಿವಿ ವಿಕ್ಟರ್ಸ್ ಚಾನೆಲ್‌ನಲ್ಲಿ ಶುರುವಾಯಿತು. ಮಲಯಾಳ ಮಾಧ್ಯಮದ ಮಗುವಿಗೆ ಒಂದು ಟಿವಿ ಇದ್ದರೆ ಸಾಕಿತ್ತು. ನಮ್ಮ ಕನ್ನಡ ಮಾಧ್ಯಮದ ಮಕ್ಕಳು ಹೆಚ್ಚಾಗಿ ಯೂಟ್ಯೂಬ್ ನಂಬಬೇಕಾಯಿತು. ಅಂದರೆ ರೇಂಜ್ ಕಡಿಮೆ ಇದ್ದವರಿಗೇ ನೆಟ್ ಜಾಸ್ತಿ ಬೇಕಾಯಿತು. ಆಚೆ ಸುಳ್ಯದ ಕಡೆ 2021ರ ಮಳೆಗಾಲದಲ್ಲಿ ಗುಡ್ಡೆಯ ರಸ್ತೆಬದಿ ಕೂತು ಪಾಠ ಕೇಳುವ ಮಗಳಿಗೆ ಅಪ್ಪ ಕೊಡೆ ಹಿಡಿದ ಫೋಟೊ ನೀವೂ ನೋಡಿರಬಹುದು. ಗಡಿಯ ಎರಡೂ ಬದಿಯಲ್ಲಿ ಒಂದೇ ಕಥೆ. 2019ರಲ್ಲೇ ಕೇರಳ ಹೈಕೋರ್ಟ್, ಒಬ್ಬ ವಿದ್ಯಾರ್ಥಿನಿಯ ಕೇಸಿನಲ್ಲಿ, ಇಂಟರ್ನೆಟ್ ಸಿಗುವುದು ಶಿಕ್ಷಣದ ಹಕ್ಕಿನ ಭಾಗ ಅಂತ ಹೇಳಿತ್ತು. ಹಕ್ಕು ಇತ್ತು, ರೇಂಜ್ ಇರಲಿಲ್ಲ.

ಹಾಗಾದರೆ ಟವರ್ ಹಾಕಲಿ ಅಂತೀರಿ. ನಮ್ಮ ತಗ್ಗಿನಲ್ಲಿ ಇರುವುದು ಒಂಬತ್ತು ಮನೆ. ಒಂಬತ್ತು ಮನೆಯ ರೀಚಾರ್ಜಿಗೆ ಯಾವ ಕಂಪನಿ ಟವರ್ ಹಾಕುತ್ತದೆ? ನಾನೇ ಕಂಪನಿಯವನಾದರೂ ಹಾಕುತ್ತಿರಲಿಲ್ಲ.

ಇಂಥ ಜಾಗಕ್ಕೆಂದೇ ದೇಶದಲ್ಲಿ ಒಂದು ನಿಧಿ ಇದೆ. 2002ರಲ್ಲಿ ಶುರುವಾದದ್ದು. ಟೆಲಿಕಾಂ ಕಂಪನಿಗಳು ತಮ್ಮ ಆದಾಯದ ಲೆಕ್ಕದಲ್ಲಿ 100ಕ್ಕೆ 5 ರೂಪಾಯಿ ಅದಕ್ಕೆ ಕಟ್ಟಬೇಕು. ಪಂಚಾಯತ್‌ಗಳಿಗೆ ಫೈಬರ್ ಎಳೆಯುವ ಭಾರತ್‌ನೆಟ್‌ಗೆ ದುಡ್ಡು ಬಂದದ್ದು ಅದರಿಂದಲೇ. 2022ರಲ್ಲಿ ಟವರ್ ಇಲ್ಲದ 24,680 ಹಳ್ಳಿಗಳಿಗೆ 4ಜಿ ಕೊಡಲು 26,316 ಕೋಟಿ ರೂಪಾಯಿ ಮಂಜೂರಾಯಿತು, ಅದೂ ಇದೇ ನಿಧಿ. 2023ರ ಹೊಸ ಟೆಲಿಕಾಂ ಕಾಯ್ದೆಯಲ್ಲಿ ಹೆಸರು ಬದಲಾಗಿ ಡಿಜಿಟಲ್ ಭಾರತ್ ನಿಧಿ ಆಯಿತು. ಕಟ್ಟುವವರು ಮಾತ್ರ ಹಳಬರೇ. ಟೆಲಿಕಾಂನವರು ಕಟ್ಟುವುದು ಅಂದರೆ ಯಾರ ದುಡ್ಡು? ನಮ್ಮ ರೀಚಾರ್ಜಿನದ್ದು. ಪಾದೆ ಹತ್ತುವ ಅಮ್ಮನೂ ಆ ನಿಧಿಗೆ ಪಾಲು ಕೊಟ್ಟಿದ್ದಾಳೆ. ಕೊಡದವರು ಯಾರೆಂದರೆ ಅದೇ ರೇಂಜ್ ಮೇಲೆ ಜಾಹೀರಾತು ಮಾರುವವರು. ಅಮ್ಮನ ಅಡುಗೆ ವಿಡಿಯೋ ಸುತ್ತುತ್ತಾ ನಿಲ್ಲುತ್ತದೆ, ನಡುವಿನ ಸೀರೆ ಜಾಹೀರಾತು ಮಾತ್ರ ಹೇಗೋ ಪೂರ್ತಿ ಬರುತ್ತದೆ.

ಇಲ್ಲಿ ನಾನು ಒಂದು ಕಡೆ ನಿಮ್ಮ ಜೊತೆ, ಒಂದು ಕಡೆ ನಿಮ್ಮ ವಿರುದ್ಧ. ಟೆಲಿಕಾಂ ಕಂಪನಿಗಳ ಸಂಘ 2023ರಿಂದ ಜೋರಾಗಿ ಕೇಳುತ್ತಿದೆಯಲ್ಲ, ಹೆಚ್ಚು ಡೇಟಾ ಹರಿಸುವ ಆನ್‌ಲೈನ್ ಕಂಪನಿಗಳು ನಮಗೆ ಪಾಲು ಕೊಡಬೇಕು ಅಂತ. ಅದು ನನಗೆ ಒಪ್ಪಿಗೆ ಇಲ್ಲ. ನಾವು ಡೇಟಾಗೆ ಒಮ್ಮೆ ಕಾಸು ಕೊಟ್ಟಾಗಿದೆ. ಅದೇ ಡೇಟಾಗೆ ಆಚೆಯವರಿಂದಲೂ ವಸೂಲಿ ಮಾಡಿದರೆ ಆ ದುಡ್ಡು ಹೋಗುವುದು ಷೇರುದಾರರ ಕಿಸೆಗೆ, ನಮ್ಮ ತಗ್ಗಿಗೆ ಅಲ್ಲ. ದಕ್ಷಿಣ ಕೊರಿಯಾದಲ್ಲಿ ಈ ರೀತಿಯ ಶುಲ್ಕದ ಜಗಳ ಜೋರಾಗಿ ನಡೆಯಿತು. ನೆಟ್‌ಫ್ಲಿಕ್ಸ್ ಅಲ್ಲಿನ ಒಂದು ಬ್ರಾಡ್‌ಬ್ಯಾಂಡ್ ಕಂಪನಿಯ ಜೊತೆ ಕೋರ್ಟಿನಲ್ಲಿ ಹೊಡೆದಾಡಿ 2023ರಲ್ಲಿ ರಾಜಿ ಮಾಡಿಕೊಂಡಿತು. ಟ್ವಿಚ್ ಅನ್ನುವ ಗೇಮ್ ವಿಡಿಯೋದವರು ಬೇರೆ ದೇಶಗಳಿಗಿಂತ 10 ಪಟ್ಟು ಖರ್ಚು ಬೀಳುತ್ತದೆ ಅಂತ 2024ರ ಫೆಬ್ರವರಿಯಲ್ಲಿ ಅಂಗಡಿ ಮುಚ್ಚಿ ಹೊರಟರು. ದೊಡ್ಡವರಿಗೇ ಹೀಗಾದರೆ ಕಾಸರಗೋಡಿನಲ್ಲಿ ಕನ್ನಡದ ಸುದ್ದಿ ವೆಬ್‌ಸೈಟ್ ನಡೆಸುವ ಹುಡುಗನ ಗತಿ? 2016ರಲ್ಲಿ ಟ್ರಾಯ್, ಅಂದರೆ ಟೆಲಿಕಾಂ ಕಂಪನಿಗಳಿಗೆ ನಿಯಮ ಹಾಕುವ ಪ್ರಾಧಿಕಾರ, ಕೆಲವು ವೆಬ್‌ಸೈಟ್‌ಗಳಿಗೆ ಒಂದು ರೇಟ್, ಉಳಿದವಕ್ಕೆ ಇನ್ನೊಂದು ರೇಟ್ ಇಡಬಾರದು ಅಂತ ನಿಲ್ಲಿಸಿತು. ಅದು ಹಾಗೇ ಉಳಿಯಲಿ.

ನಾನು ಹೇಳುವುದು ಬೇರೆ. ಆನ್‌ಲೈನ್ ಕಂಪನಿಗಳ ದುಡ್ಡು ಟೆಲಿಕಾಂನವರಿಗೆ ಬೇಡ, ನೇರ ನಿಧಿಗೆ ಬರಲಿ. ಹರಿದ ಡೇಟಾದ ಮೇಲೆ ಬೇಡ, ಇಲ್ಲಿ ಗಳಿಸಿದ ಆದಾಯದ ಮೇಲೆ ಇರಲಿ. ಇದು ಹೊಸ ಮಾತೇನೂ ಅಲ್ಲ. 2016ರಿಂದ ವಿದೇಶಿ ಕಂಪನಿಗಳ ಆನ್‌ಲೈನ್ ಜಾಹೀರಾತಿಗೆ 100ಕ್ಕೆ 6 ರೂಪಾಯಿ ತೆರಿಗೆ ಇತ್ತು, ಜನ ಗೂಗಲ್ ಟ್ಯಾಕ್ಸ್ ಅನ್ನುತ್ತಿದ್ದರು. ಅದು ಸರ್ಕಾರದ ಬೊಕ್ಕಸಕ್ಕೆ ಹೋಗುತ್ತಿತ್ತು, ಈ ನಿಧಿಗೆ ಅಲ್ಲ. 2025ರ ಏಪ್ರಿಲ್‌ನಿಂದ ಅದನ್ನೂ ತೆಗೆದರು. ಆನ್‌ಲೈನ್ ವ್ಯಾಪಾರಕ್ಕೆ 2020ರಲ್ಲಿ ಬಂದಿದ್ದ 2 ಶೇಕಡಾದ ಇನ್ನೊಂದು ತೆರಿಗೆಯಲ್ಲಿ ಇಲ್ಲಿ 2 ಕೋಟಿಗಿಂತ ಕಡಿಮೆ ವಹಿವಾಟಿನವರಿಗೆ ವಿನಾಯಿತಿ ಇತ್ತು. ಹಾಗೆ ಒಂದು ಗೆರೆ ಎಳೆದರೆ ಸಣ್ಣವರು ಬದುಕುತ್ತಾರೆ, ನನ್ನ ಪ್ರಕಾರ ಗೆರೆ ಇನ್ನೂ ಎಷ್ಟೋ ಮೇಲೆ ಇರಬೇಕು.

ಆ ದೊಡ್ಡ ಕಂಪನಿಗಳು ಅದನ್ನು ಚಂದಾದ ಮೇಲೆ ಹಾಕುವುದಿಲ್ಲವಾ ಅಂತ ಕೇಳುತ್ತೀರಿ. ಸ್ವಲ್ಪ ಹಾಕಿಯಾರು. ಈಗ ಪೂರ್ತಿ ನಮ್ಮ ರೀಚಾರ್ಜಿನ ಮೇಲೆ ಬೀಳುತ್ತಿದೆ, ಆಗ ನಾಲ್ಕು ಪರದೆಯ ಪ್ಲಾನ್ ಇಟ್ಟುಕೊಂಡವರ ಮೇಲೂ ಬೀಳುತ್ತದೆ. ಅಷ್ಟು ವ್ಯತ್ಯಾಸ ಸಾಕು ನನಗೆ.

ಇನ್ನೊಂದು ಸಿಟ್ಟೂ ಇದೆ. ಆ ನಿಧಿಗೆ ಬಂದ ದುಡ್ಡು ವರ್ಷಗಟ್ಟಲೆ ಪೂರ್ತಿ ಖರ್ಚೇ ಆಗದೆ ಬಾಕಿ ಉಳಿಯುತ್ತಿತ್ತು. ಹೊಸಬರಿಂದ ವಸೂಲಿ ಮಾಡುವ ಮೊದಲು ಯಾವ ಪಂಚಾಯತ್‌ಗೆ ಎಷ್ಟು ಬಂತು ಅಂತ ಬಸ್‌ಸ್ಟ್ಯಾಂಡಿನ ಗೋಡೆಯಲ್ಲಿ ಬರೆಯಲಿ. ಕನ್ನಡದಲ್ಲೂ ಬರೆಯಲಿ.

ಮನೆಮನೆಗೂ ನೆಟ್ ಅಂದಿರಲ್ಲ, ಅದು ಕೆ-ಫೋನ್, ಕೇರಳ ಸರ್ಕಾರದ ಫೈಬರ್ ಇಂಟರ್ನೆಟ್. 2023ರ ಜೂನ್ 5ಕ್ಕೆ ಉದ್ಘಾಟನೆ ಆಯಿತು, 20 ಲಕ್ಷ ಬಡ ಕುಟುಂಬಗಳಿಗೆ ಉಚಿತ ಕೊಡಬೇಕೆಂಬುದು ಯೋಜನೆ. ಕೇಬಲ್ ಬರುವುದು ಕರೆಂಟ್ ಕಂಬದ ಮೇಲೆ. ಒಳ್ಳೆಯ ಕೆಲಸ, ಸುಳ್ಳು ಹೇಳಬಾರದು. ನಮ್ಮಲ್ಲಿ ಮುಖ್ಯ ರಸ್ತೆಯ ತನಕ ಫೈಬರ್ ಬಂದಿದೆ. ರಸ್ತೆಯಿಂದ ತೋಟಕ್ಕೆ ಇಳಿಯುವ ಕೊನೆಯ ಒಂದೂವರೆ ಕಿಲೋಮೀಟರ್‌ನಲ್ಲಿ ಕಂಬ ಕಡಿಮೆ, ಮರ ಜಾಸ್ತಿ. ಪಕ್ಕದ ಮನೆಯ ಮಾವ ಸ್ವಂತ ಖರ್ಚಲ್ಲಿ ಅಡಿಕೆ ಮರದಿಂದ ಮರಕ್ಕೆ ಕಟ್ಟಿ ಲೈನ್ ತಂದರು. ಎರಡು ತಿಂಗಳು ಚೆನ್ನಾಗಿ ಬಂತು. ಆಮೇಲೆ ಒಂದು ಸೋಗೆ ಬಿತ್ತು. ಮೇ ತಿಂಗಳ ಸಿಡಿಲಿಗೆ ಮೋಡೆಮ್ ಹೋಯಿತು. ಈಗ ಅವರೂ ಪಾದೆಗೆ ಬರುತ್ತಾರೆ.

ದೀಪಾವಳಿಗೆ ಬರುತ್ತೇನೆ ಅಂದಿದ್ದೀರಿ, ಬನ್ನಿ. ಫೋನ್ ಮಾಡುವುದಿದ್ದರೆ ಪೆರ್ಲ ಪೇಟೆಯಲ್ಲೇ ಮಾಡಿಬಿಡಿ. ಸಂಜೆ ಆರರ ಮೇಲಾದರೆ ಒಳ್ಳೆಯದು, ಆಗ ನಾನು ಮೇಲೆ ಇರುತ್ತೇನೆ.