ಸಾವಿರ ತಾಣಗಳಲ್ಲಿ ಯಾವುದನ್ನು ಆರಿಸಲಿ?

ಪ್ರಶ್ನೆ: ನಾನು ಪ್ರೌಢಶಾಲೆಯಲ್ಲಿ ಮೂವತ್ತು ವರ್ಷ ಕನ್ನಡ ಕಲಿಸಿ ಕಳೆದ ವರ್ಷ ನಿವೃತ್ತಳಾದವಳು. ‘1,000 ಪ್ಲೇಸಸ್ ಟು ಸೀ ಬಿಫೋರ್ ಯು ಡೈ’ ಎಂಬ ಪ್ರವಾಸ ಕೈಪಿಡಿಯನ್ನು ಮಗಳು ಉಡುಗೊರೆಯಾಗಿ ಕೊಟ್ಟಿದ್ದಾಳೆ. ಪುಟ ತಿರುವಿದಷ್ಟೂ ಸಂಕಟವಾಗುತ್ತಿದೆ. ತಿಂಗಳಿಗೊಂದು ಊರು ನೋಡಿದರೂ 83 ವರ್ಷ ಬೇಕು. ನನ್ನ ಕೈಯಲ್ಲಿರುವ ಹಣದಲ್ಲಿ ಒಂದೋ ಎರಡೋ ವಿದೇಶ ಪ್ರವಾಸ ಸಾಧ್ಯ. ಇಂಥ ಪುಸ್ತಕವನ್ನು ಹೇಗೆ ಬಳಸಬೇಕು?
– ಓದುಗರೊಬ್ಬರು, ದಾವಣಗೆರೆ

ಉತ್ತರ: ನಿಮ್ಮ ಸಂಕಟ ಬಹಳ ಹಳೆಯದು. ಏಳು ಅದ್ಭುತಗಳನ್ನು ಕುರಿತು ಬೈಜಾಂಟಿಯಮ್‌ನ ಫಿಲೋನ ಹೆಸರಿನಲ್ಲಿ ಉಳಿದುಬಂದಿರುವ ಗ್ರೀಕ್ ಕೃತಿಯ ಆರಂಭದಲ್ಲೇ, ಪರ್ಷಿಯಾಕ್ಕೆ ಹೋಗಿ, ಯೂಫ್ರೆಟಿಸ್ ದಾಟಿ, ಈಜಿಪ್ಟನ್ನು ಸುತ್ತಿ ಎಲ್ಲವನ್ನೂ ನೋಡಿ ಮುಗಿಸುವಷ್ಟರಲ್ಲಿ ಆಯುಷ್ಯವೇ ತೀರುತ್ತದೆ ಎಂಬ ಅಳಲಿದೆ. ಅಮೆರಿಕದ ಲೇಖಕಿ ಪೆಟ್ರೀಷಿಯಾ ಶುಲ್ಟ್ಸ್ ಅವರ ಈ ಪುಸ್ತಕವು 2003ರಲ್ಲಿ ಮೊದಲು ಅಚ್ಚಾಯಿತು. ಅದು ಒಬ್ಬ ಅನುಭವಿ ಪ್ರವಾಸಿಯ ಆಯ್ಕೆಯೇ ಹೊರತು ಎಲ್ಲರೂ ಪೂರೈಸಲೇಬೇಕಾದ ವ್ರತವಲ್ಲ. ಆದುದರಿಂದ ಪಟ್ಟಿಗೆ ಗುರುತು ಹಾಕುತ್ತ ಹೋಗುವುದನ್ನು ಬಿಟ್ಟು, ಯಾವ ಊರಿನ ಕಥೆ ನಿಮಗೆ ಈಗಾಗಲೇ ಗೊತ್ತಿದೆಯೋ ಆ ಊರನ್ನು ಆರಿಸಿಕೊಂಡು ಅಲ್ಲಿ ನಾಲ್ಕಾರು ದಿನ ನಿಲ್ಲಿ.

ಕನ್ನಡ ಕಲಿಸಿದ ನಿಮಗೆ ನಾನು ಹೇಳುವುದು ಕಾಂಬೋಡಿಯಾದ ಅಂಗ್ಕೋರ್ ವಾಟ್. ಬೇಲೂರಿನ ಚೆನ್ನಕೇಶವ 1117ರಲ್ಲಿ ಪ್ರತಿಷ್ಠಾಪನೆಗೊಂಡ ಕಾಲದಲ್ಲಿಯೇ ಅಲ್ಲಿ ಎರಡನೆಯ ಸೂರ್ಯವರ್ಮನ್ ಆಳುತ್ತಿದ್ದ. ಆತ ಕಟ್ಟಿಸಿದ ಈ ಗುಡಿಯೂ ಮೂಲದಲ್ಲಿ ವಿಷ್ಣುವಿನದೇ. ಪ್ರವಾಸಿಗರಲ್ಲಿ ಬಹುಮಂದಿ ಬೆಳಗಿನ ಜಾವ ಕೊಳದ ದಂಡೆಯಲ್ಲಿ ನಿಂತು, ಗೋಪುರಗಳ ಹಿಂದೆ ಸೂರ್ಯ ಮೂಡುವ ಚಿತ್ರ ತೆಗೆದುಕೊಂಡು ಹೊರಡುತ್ತಾರೆ. ನೀವು ಅಲ್ಲಿಂದ ಪೂರ್ವದ ಮೊಗಸಾಲೆಗೆ ನಡೆಯಿರಿ. ಎಳೆಬಿಸಿಲು ಬೀಳುವ ಆ ಗೋಡೆಯ ಮೇಲೆ ಸುಮಾರು 49 ಮೀಟರ್ ಉದ್ದಕ್ಕೆ ಸಮುದ್ರಮಂಥನವಿದೆ. ವಾಸುಕಿಯನ್ನು ಹಿಡಿದು ಜಗ್ಗುವ ದೇವಾಸುರರ ಸಾಲು, ನಡುವೆ ವಿಷ್ಣು, ಮೇಲೆ ಅಪ್ಸರೆಯರು. ಕೆಳಗಿನ ನೀರಿನಲ್ಲಿ ಮಂದರದ ಹತ್ತಿರ ಬಂದ ಮೀನು, ಮೊಸಳೆಗಳು ಕಡೆಯುವ ರಭಸಕ್ಕೆ ತುಂಡುತುಂಡಾಗಿರುವುದನ್ನೂ ಶಿಲ್ಪಿ ಬಿಟ್ಟಿಲ್ಲ. ಸಂಜೆ ಪಶ್ಚಿಮದ ಮೊಗಸಾಲೆಯಲ್ಲಿ ಕುರುಕ್ಷೇತ್ರವನ್ನು ನೋಡಿ. ತಲೆಯಿಂದ ಕಾಲಿನವರೆಗೆ ಬಾಣಗಳ ಮೇಲೆ ಒರಗಿದ ಭೀಷ್ಮನನ್ನು ನಿಮಗೆ ಯಾವ ಮಾರ್ಗದರ್ಶಿಯೂ ತೋರಿಸಿಕೊಡಬೇಕಾಗಿಲ್ಲ. ಪುಸ್ತಕದ ಒಂದು ಪುಟದಲ್ಲಿ ಇಷ್ಟನ್ನು ಹೇಳುವುದು ಕಷ್ಟ. ಅದು ಬಾಗಿಲು ತೋರಿಸುತ್ತದೆ, ಒಳಗೆ ನಾವೇ ಹೋಗಬೇಕು.

ನವೆಂಬರ್‌ನಿಂದ ಫೆಬ್ರವರಿಯವರೆಗಿನ ಹವೆ ಹಿತವಾಗಿರುತ್ತದೆ. ಏಪ್ರಿಲ್‌ನ ಸೆಕೆ ಬೇಡ. ಮೂರು ದಿನಗಳ ಪಾಸನ್ನು ಹತ್ತು ದಿನಗಳೊಳಗೆ ಬಿಟ್ಟು ಬಿಟ್ಟು ಬಳಸಬಹುದಾದ್ದರಿಂದ ನಡುವೆ ವಿಶ್ರಾಂತಿ ಪಡೆಯಿರಿ. ಮೇಲಿನ ಅಂತಸ್ತಿನ ಮೆಟ್ಟಿಲುಗಳು ಬಹಳ ಕಡಿದು. ಮಂಡಿನೋವಿದ್ದರೆ ಹತ್ತಬೇಡಿ, ಈ ಉಬ್ಬುಶಿಲ್ಪಗಳೆಲ್ಲ ಕೆಳಗಿನ ಮೊಗಸಾಲೆಯಲ್ಲಿಯೇ ಇವೆ.

ಪ್ರಶ್ನೆ: ಇದೇ ಪುಸ್ತಕದ 2003ರ ಆವೃತ್ತಿಯ ಒಂದು ಪ್ರತಿ ಅವೆನ್ಯೂ ರಸ್ತೆಯ ಹಳೆಯ ಪುಸ್ತಕದಂಗಡಿಯಲ್ಲಿ ಅಗ್ಗಕ್ಕೆ ಸಿಕ್ಕಿತು. ಅದನ್ನು ನಂಬಿ ಪ್ರವಾಸ ಯೋಜಿಸಬಹುದೇ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಊರನ್ನು ಆರಿಸಿಕೊಳ್ಳಲು ನಂಬಬಹುದು, ದರ, ಹೋಟೆಲು, ದೂರವಾಣಿ ಸಂಖ್ಯೆಗಳಿಗೆ ಬೇಡ. ಪರಿಷ್ಕೃತ ಆವೃತ್ತಿ 2011ರಲ್ಲಿ ಬಂದಿದೆ, ಅದಕ್ಕೂ ಈಗ ವಯಸ್ಸಾಗಿದೆ. ವೆನಿಸ್‌ಗೆ ಹಗಲುಹೊತ್ತು ಹೋಗಿ ಬರುವವರು ಕೆಲವು ನಿಗದಿತ ದಿನಗಳಲ್ಲಿ ಪ್ರವೇಶ ಶುಲ್ಕ ಕೊಡಬೇಕೆಂಬ ನಿಯಮ 2024ರಲ್ಲಿ ಜಾರಿಗೆ ಬಂದಿತು. ಸಿರಿಯಾದ ಪಾಲ್ಮೈರಾದಲ್ಲಿ ಸುಮಾರು ಎರಡು ಸಾವಿರ ವರ್ಷ ನಿಂತಿದ್ದ ಬೇಲ್ ದೇವಾಲಯವನ್ನು 2015ರ ಆಗಸ್ಟ್‌ನಲ್ಲಿ ಉಗ್ರರು ಸ್ಫೋಟಿಸಿ ಕೆಡವಿದರು. ಅದರ ವರ್ಣನೆ ಹಳೆಯ ಕೈಪಿಡಿಗಳಲ್ಲಿ ಈಗಲೂ ವರ್ತಮಾನ ಕಾಲದಲ್ಲಿಯೇ ಇರುತ್ತದೆ. ಟಿಕೆಟ್ ಕಾಯ್ದಿರಿಸುವ ಮುನ್ನ ಆಯಾ ತಾಣದ ಅಧಿಕೃತ ಜಾಲತಾಣವನ್ನೂ ಆಯಾ ದೇಶದ ರಾಯಭಾರ ಕಚೇರಿಯ ವೀಸಾ ಸೂಚನೆಗಳನ್ನೂ ನೋಡಿಕೊಳ್ಳಿ.